ವೈದ್ಯರ ಸಮ್ಮೇಳನದ ಚಿತ್ರ ನಮ್ಮ ಮೊಬೈಲಿಗೆ ಬಂದಾಗ



ಕಳೆದ ತಿಂಗಳ ಸಭೆಯಲ್ಲಿ ನಾನು ನನ್ನದೊಂದು ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡೆ. ಅಂದು ಹೊಸೂರಿಗೆ ಬರಲಾಗದ ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಬೇರಿಕೆ, ಶೂಲಗಿರಿ, ಕೃಷ್ಣಗಿರಿ ಕಡೆಯ ಸದಸ್ಯರಿಗೂ ವಿಷಯ ಗೊತ್ತಾಗಲಿ, ಅದರ ಹಿಂದುಮುಂದು ತಿಳಿಯಲಿ ಎಂದು ಅಧ್ಯಕ್ಷರು ಬರೆದುಕೊಡಲು ಹೇಳಿದರು. ಹಾಗಾಗಿ ಈ ಲೇಖನ. ನಾನು ವೈದ್ಯನಲ್ಲ. ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕಡತ ನೋಡಿ ನಿವೃತ್ತನಾದ ಗುಮಾಸ್ತ. ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ನಡೆದದ್ದು ಏನು

ಬೆಂಗಳೂರಿನಲ್ಲಿ ನಡೆದ ವೈದ್ಯರ ಸಮ್ಮೇಳನವೊಂದರಲ್ಲಿ ಯಾರೋ ಪರದೆಯ ಮೇಲಿನ ಒಂದು ಸ್ಲೈಡಿನ ಫೋಟೋ ತೆಗೆದು ಸಾಮಾಜಿಕ ಜಾಲತಾಣಕ್ಕೆ ಹಾಕಿದ್ದರು. ಅದು ಕೈಯಿಂದ ಕೈಗೆ ದಾಟಿ ನನ್ನ ನೆಂಟರ ಗುಂಪಿಗೆ ಬಂತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಸೇರಿಸಿದ್ದರು: ಆಸ್ಪಿರಿನ್ ಮಾತ್ರೆಯಿಂದ ಲಾಭವಿಲ್ಲ, ರಕ್ತಸ್ರಾವ ಜಾಸ್ತಿ, ಅರವತ್ತು ದಾಟಿದವರು ಗಮನಿಸಿ ಎಂದು. ವೈದ್ಯರ ಸಮ್ಮೇಳನದ್ದು, ಪರದೆಯ ಮೇಲೆ ಅಂಕಿಸಂಖ್ಯೆ ಇದೆ, ಕನ್ನಡದಲ್ಲಿ ವಿವರಣೆಯೂ ಇದೆ. ಇನ್ನೇನು ಬೇಕು ಎಂದುಕೊಂಡು, 'ಮಾಹಿತಿಗಾಗಿ' ಎಂದು ಬರೆದು ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ನಾನೇ ಹಾಕಿದೆ. ಕಚೇರಿಯಲ್ಲಿ ಸುತ್ತೋಲೆ ಕಳಿಸಿದ ಹಳೆಯ ಅಭ್ಯಾಸ.

ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಅವರು ದಿನಕ್ಕೊಂದು ಆಸ್ಪಿರಿನ್ ನುಂಗುತ್ತಿದ್ದರು. ನನ್ನ ಸಂದೇಶ ನೋಡಿದ ಮರುದಿನವೇ ನಿಲ್ಲಿಸಿಬಿಟ್ಟರು, ಯಾರಿಗೂ ಹೇಳಲಿಲ್ಲ. ಒಂಬತ್ತು ದಿನ ಕಳೆದ ಮೇಲೆ, ತಿಂಗಳ ಮಾತ್ರೆ ತರಲು ಹೊರಟ ಸೊಸೆ ಹಳೆಯ ಪಟ್ಟಿಯಲ್ಲಿ ಅಷ್ಟೂ ಮಾತ್ರೆ ಉಳಿದಿರುವುದನ್ನು ಕಂಡು ಕೇಳಿದಾಗ ವಿಷಯ ಹೊರಬಿತ್ತು. ಅಂದೇ ಕಾರು ಮಾಡಿಕೊಂಡು ಅತ್ತಿಬೆಲೆ ದಾಟಿ ಬೆಂಗಳೂರಿಗೆ ಓಡಿದರು. ಇಸಿಜಿ ಸರಿಯಿತ್ತು. ವೈದ್ಯರು ಚೆನ್ನಾಗಿ ಬೈದು ಮಾತ್ರೆ ಮತ್ತೆ ಶುರು ಮಾಡಿಸಿದರು. "ಇಷ್ಟು ದಿನ ಏನೂ ಆಗದ್ದು ನಿಮ್ಮ ಅದೃಷ್ಟ" ಎಂದರಂತೆ.

ಸಂಜೆ ಅವರ ಮನೆಯವರು ನನಗೆ ಫೋನ್ ಮಾಡಿದರು. ಜಗಳವಾಡಲಿಲ್ಲ. "ಅಣ್ಣಾ, ಬೇರೆ ಯಾರಾದರೂ ಹಾಕಿದ್ದರೆ ಇವರು ನಂಬುತ್ತಿರಲಿಲ್ಲ. ಸಂಘದ ಕಾರ್ಯದರ್ಶಿಗಳೇ ಹಾಕಿದ್ದಾರೆ ಅಂತ ನಿಲ್ಲಿಸಿದ್ದು" ಎಂದಷ್ಟೇ ಹೇಳಿದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಆ ಸ್ಲೈಡಿನಲ್ಲಿ ಇದ್ದದ್ದು ಸುಳ್ಳೇ?

ಸುಳ್ಳಲ್ಲ. ವಿಷಯದ ಕಷ್ಟ ಇರುವುದೇ ಇಲ್ಲಿ.

ಆಸ್ಪಿರಿನ್ ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಆದ್ದರಿಂದ ಹೃದಯಾಘಾತ ತಡೆಯಲು ಸಹಾಯ ಮಾಡುತ್ತದೆ. ಅದೇ ಗುಣದಿಂದ ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತಸ್ರಾವದ ಅಪಾಯವನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಹೃದಯದ ಕಾಯಿಲೆಯೇ ಇಲ್ಲದವರು 'ಮುಂಜಾಗ್ರತೆಗೆ' ಎಂದು ಇದನ್ನು ನುಂಗಬೇಕೇ ಎಂಬ ಪ್ರಶ್ನೆಗೆ 2018ರಲ್ಲಿ ಮೂರು ದೊಡ್ಡ ಅಧ್ಯಯನಗಳ ಫಲಿತಾಂಶ ಹೊರಬಂತು. ಅದರಲ್ಲಿ ಎರಡು, 12,546 ಜನರ 'ಅರೈವ್' ಮತ್ತು 15,480 ಮಧುಮೇಹಿಗಳ 'ಅಸೆಂಡ್', ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಮಂಡನೆಯಾದವು. ಮೂರನೆಯದು 'ಆಸ್ಪ್ರೀ'. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ವೃದ್ಧರ ಮೇಲೆ ನಡೆದದ್ದು, ಅದರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಅಸೆಂಡ್‌ನಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ಘಟನೆಗಳು ನೂರಕ್ಕೆ 12ರಷ್ಟು ಕಡಿಮೆಯಾದವು, ದೊಡ್ಡ ರಕ್ತಸ್ರಾವಗಳು ನೂರಕ್ಕೆ 29ರಷ್ಟು ಹೆಚ್ಚಾದವು. ಇನ್ನೆರಡರಲ್ಲಿ ಹೇಳಿಕೊಳ್ಳುವಂಥ ಲಾಭವೇ ಕಾಣಲಿಲ್ಲ. ಹೀಗಾಗಿ ಹೃದ್ರೋಗ ಇಲ್ಲದ ವೃದ್ಧರು ತಾವಾಗಿ ಆಸ್ಪಿರಿನ್ ಶುರು ಮಾಡಬಾರದು ಎಂಬ ಅಭಿಪ್ರಾಯ ಬಲವಾಯಿತು.

ಈ ಅಧ್ಯಯನಗಳೆಲ್ಲ ಹೃದಯಾಘಾತ ಆಗದವರ, ಸ್ಟೆಂಟ್ ಇಲ್ಲದವರ ಮೇಲೆ ನಡೆದವು. ಸ್ಟೆಂಟ್ ಇರುವವರ ಲೆಕ್ಕವೇ ಬೇರೆ. ರಕ್ತನಾಳದೊಳಗೆ ಕೂರಿಸಿದ ಲೋಹದ ಬಲೆಯ ಮೇಲೆ ಹೆಪ್ಪುಗಟ್ಟಿದರೆ ಒಮ್ಮೆಗೇ ನಾಳ ಮುಚ್ಚಿ ಪ್ರಾಣಕ್ಕೆ ಕುತ್ತು ಬರಬಹುದು. ಅವರಿಗೆ ಈ ಮಾತ್ರೆ ಕಾವಲುಗಾರನಿದ್ದಂತೆ. ನಮ್ಮ ಗುಂಪಿಗೆ ಬಂದ ಸ್ಲೈಡಿನ ಮೇಲ್ತುದಿಯಲ್ಲಿ ಇದು ಕಾಯಿಲೆ ಬರುವ ಮೊದಲಿನ ತಡೆಗೆ ಸಂಬಂಧಿಸಿದ್ದು ಎಂದು ಇಂಗ್ಲಿಷಿನಲ್ಲಿ ಎರಡು ಪದ ಇದ್ದವು. ಫೋಟೋದಲ್ಲಿ ಅದರ ಅರ್ಧ ಮುಂದೆ ಕೂತವರ ತಲೆಗೆ ಮರೆಯಾಗಿತ್ತು. ಉಳಿದರ್ಧ ಕಂಡಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಆ ಕೋಣೆಯಲ್ಲಿ ಕುಳಿತಿದ್ದ ವೈದ್ಯರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕಡತದಿಂದ ಒಂದೇ ಹಾಳೆ ಹರಿದುಕೊಂಡು, ಟಿಪ್ಪಣಿ ಹಾಳೆಯನ್ನೂ ಮೇಲಧಿಕಾರಿಯ ಷರಾವನ್ನೂ ನೋಡದೆ ಆದೇಶ ಹೊರಡಿಸಿದರೆ ಏನಾಗುತ್ತದೋ ಅದೇ ಇಲ್ಲಿ ಆಯಿತು. ಸೇವೆಯಲ್ಲಿದ್ದಾಗ ಒಮ್ಮೆಯೂ ಹಾಗೆ ಮಾಡದ ನಾನು ನಿವೃತ್ತನಾದ ಮೇಲೆ ಮೊಬೈಲಿನಲ್ಲಿ ಮಾಡಿದೆ.

ವೈದ್ಯರು ಸಮ್ಮೇಳನದಲ್ಲಿ ಫೋನ್ ಹಿಡಿಯುವುದು ಯಾಕೆ?

ನನಗೆ ಮೊದಲು ಬಂದದ್ದು ಕೋಪ. ಸಭೆಯಲ್ಲಿ ಕೂತು ಕೇಳುವುದು ಬಿಟ್ಟು ಫೋಟೋ ಯಾಕೆ ತೆಗೆಯಬೇಕು ಎಂದು. ನಮ್ಮ ಸದಸ್ಯರ ಮನೆಯ ಒಬ್ಬ ಯುವ ವೈದ್ಯೆ ಸಮಾಧಾನವಾಗಿ ವಿವರಿಸಿದಳು.

ಸಮ್ಮೇಳನ ಎಂದರೆ ಎರಡು ಮೂರು ದಿನದ ಕಾರ್ಯಕ್ರಮ. ಒಂದೇ ಸಮಯಕ್ಕೆ ನಾಲ್ಕಾರು ಸಭಾಂಗಣಗಳಲ್ಲಿ ಉಪನ್ಯಾಸ, ಹೊಸ ಅಧ್ಯಯನಗಳ ಮಂಡನೆ, ಹೊರಗೆ ಸಾಲಾಗಿ ಭಿತ್ತಿಪತ್ರಗಳು. ಒಬ್ಬರು ಎಲ್ಲವನ್ನೂ ಕೇಳಲು ಆಗುವುದಿಲ್ಲ. ಪ್ರತಿನಿಧಿ ಶುಲ್ಕ, ಪ್ರಯಾಣ, ವಸತಿ ಸೇರಿದರೆ ಖರ್ಚೂ ಜಾಸ್ತಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ವೈದ್ಯರಿದ್ದರೆ ರಜೆಯೂ ಸಿಗದು. ಅಂಥವರಿಗೆ ಸಮ್ಮೇಳನಕ್ಕೆ ಹೋದವರು ಅಲ್ಲಿಂದಲೇ ಬರೆಯುವ ನಾಲ್ಕು ಸಾಲು ದೊಡ್ಡ ಉಪಕಾರ.

ಇದಕ್ಕೆ ಬಳಸುವ ಗುರುತು ಹ್ಯಾಷ್‌ಟ್ಯಾಗ್. 2007ರ ಆಗಸ್ಟಿನಲ್ಲಿ ಕ್ರಿಸ್ ಮೆಸ್ಸಿನಾ ಎಂಬುವರು ಟ್ವಿಟರ್‌ನಲ್ಲಿ ಸೂಚಿಸಿದ ಉಪಾಯ ಇದು. ಸಮ್ಮೇಳನದ ಹೆಸರು ಮತ್ತು ವರ್ಷವನ್ನು ಸೇರಿಸಿ ಒಂದು ಗುರುತು ಮಾಡುತ್ತಾರೆ. ಅದನ್ನು ಹುಡುಕಿದರೆ ಆ ಸಮ್ಮೇಳನದ ಬಗ್ಗೆ ಯಾರು ಏನು ಬರೆದರೂ ಒಂದೇ ಕಡೆ ಸಿಗುತ್ತದೆ. ಟಪಾಲು ವಿಭಾಗದಲ್ಲಿ ವಿಷಯವಾರು ಕಟ್ಟು ಕಟ್ಟಿಟ್ಟ ಹಾಗೆ. ಈಗ ಎಕ್ಸ್ ಎಂದು ಹೆಸರು ಬದಲಾಗಿರುವ ಟ್ವಿಟರ್‌ನಲ್ಲಿ ವೈದ್ಯರು ಹೀಗೆ ಪರಸ್ಪರ ಪ್ರಶ್ನೆ ಕೇಳುತ್ತಾರೆ, ಅಧ್ಯಯನದಲ್ಲಿ ದೋಷವಿದ್ದರೆ ಅಲ್ಲೇ ಎತ್ತಿ ತೋರಿಸುತ್ತಾರೆ, ಬೇರೆ ದೇಶದವರೂ ಚರ್ಚೆಗೆ ಸೇರುತ್ತಾರೆ. ಕೃಷ್ಣಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. 2022ರ ಜನವರಿ 12ರಂದು ಉದ್ಘಾಟನೆಯಾದ ತಮಿಳುನಾಡಿನ 11 ಹೊಸ ಕಾಲೇಜುಗಳಲ್ಲಿ ಅದೂ ಒಂದು. ಅಲ್ಲಿನ ವಿದ್ಯಾರ್ಥಿ ವಿದೇಶದ ಸಮ್ಮೇಳನದ ವಿಷಯವನ್ನು ಅದೇ ದಿನ ತಿಳಿಯುವುದು ಒಳ್ಳೆಯದೇ ತಾನೇ? ಆ ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ವೈದ್ಯರು ವೈದ್ಯರಿಗಾಗಿ ಬರೆದದ್ದು ಅಲ್ಲಿಂದ ವಾಟ್ಸಾಪಿಗೆ ಇಳಿಯುವಾಗ ಚರ್ಚೆಯೆಲ್ಲ ಅಲ್ಲೇ ಉಳಿಯುತ್ತದೆ. ಚಿತ್ರ ಮಾತ್ರ ನಮಗೆ ಬರುತ್ತದೆ.

ಸಮ್ಮೇಳನದವರೇ ಫೋಟೋ ಬೇಡವೆಂದರೆ?

ಈ ಜಗಳ ದೊಡ್ಡ ದೇಶಗಳಲ್ಲೂ ಆಗಿದೆ. 2017ರ ಜೂನ್‌ನಲ್ಲಿ ಅಮೆರಿಕದ ಮಧುಮೇಹ ಸಂಘದ ವಾರ್ಷಿಕ ಸಮ್ಮೇಳನ ಸ್ಯಾನ್ ಡಿಯಾಗೋದಲ್ಲಿ ನಡೆಯಿತು. ಸ್ಲೈಡಿನ ಫೋಟೋ ತೆಗೆಯಬಾರದು ಎಂದು ಅವರ ನಿಯಮ. ಆದರೂ ಹಲವರು ತೆಗೆದು ಟ್ವಿಟರ್‌ಗೆ ಹಾಕಿದರು. ಅಳಿಸಿಹಾಕಿ ಎಂದು ಸಂಘ ಒಬ್ಬೊಬ್ಬರಿಗೂ ಬರೆಯತೊಡಗಿತು. ಜ್ಞಾನವನ್ನು ಬೀಗ ಹಾಕಿಡುತ್ತೀರಾ ಎಂದು ವೈದ್ಯರೇ ತಿರುಗಿಬಿದ್ದರು. ಮರುವರ್ಷ ಸಂಘ ನಿಯಮ ಸಡಿಲಿಸಿ, ಭಾಷಣಕಾರರ ಒಪ್ಪಿಗೆ ಇದ್ದರೆ ಫೋಟೋ ತೆಗೆಯಬಹುದು ಎಂದಿತು. ಫೋಟೋ ಬೇಡವಾದ ಸ್ಲೈಡಿನ ಮೇಲೆ ಕ್ಯಾಮೆರಾ ಚಿತ್ರಕ್ಕೆ ಅಡ್ಡಗೆರೆ ಎಳೆದು ತೋರಿಸುವ ಪದ್ಧತಿ ಈಗ ಹಲವು ಸಮ್ಮೇಳನಗಳಲ್ಲಿದೆ.

ಬೇಡ ಎನ್ನುವವರಿಗೂ ಕಾರಣ ಇದೆ. ಸಮ್ಮೇಳನದಲ್ಲಿ ಹೇಳುವ ಎಷ್ಟೋ ಅಧ್ಯಯನಗಳು ಇನ್ನೂ ಪತ್ರಿಕೆಯಲ್ಲಿ ಅಚ್ಚಾಗಿರುವುದಿಲ್ಲ, ಬೇರೆ ತಜ್ಞರ ಪರಿಶೀಲನೆಗೆ ಹೋಗಿರುವುದಿಲ್ಲ. ಅಚ್ಚಾಗುವಾಗ ಅಂಕಿಗಳು ಬದಲಾಗುವುದೂ ಉಂಟು. ಕರಡು ಪ್ರತಿಯನ್ನು ಅಂತಿಮ ಆದೇಶ ಎಂದು ಯಾರೂ ಹಂಚುವುದಿಲ್ಲವಲ್ಲ. ಜೊತೆಗೆ, ಸಮ್ಮೇಳನದ ಕೆಲವು ಉಪನ್ಯಾಸಗಳನ್ನು ಔಷಧ ಕಂಪನಿಗಳು ಪ್ರಾಯೋಜಿಸುತ್ತವೆ. ಅಂಥ ಸಂಬಂಧವನ್ನು ಭಾಷಣಕಾರರು ಸಾಮಾನ್ಯವಾಗಿ ಆರಂಭದ ಸ್ಲೈಡಿನಲ್ಲೇ ಹೇಳಿಬಿಡುತ್ತಾರೆ. ನಮ್ಮ ಕೈಗೆ ಸಿಗುವುದು ಹದಿನೇಳನೆಯ ಸ್ಲೈಡು.

ಪರದೆಯ ಮೇಲಿನ ರೋಗಿ ಯಾರ ಮನೆಯವರು?

ಇನ್ನೊಂದು ವಿಷಯ ಮಾತ್ರೆಗಿಂತ ಕಡಿಮೆಯದಲ್ಲ. ಸಮ್ಮೇಳನದಲ್ಲಿ ರೋಗಿಗಳ ಚಿತ್ರ, ಸ್ಕ್ಯಾನ್, ಚರ್ಮದ ಗಾಯ, ಮುಖದ ಫೋಟೋ ತೋರಿಸಿ ಪಾಠ ಹೇಳುತ್ತಾರೆ. ಕಲಿಯಲು ಅದು ಬೇಕು. ಅದರ ಫೋಟೋ ಹೊರಗೆ ಬಂದರೆ? ದೊಡ್ಡ ಊರಿನಲ್ಲಿ ಯಾರೂ ಗುರುತಿಸಲಿಕ್ಕಿಲ್ಲ. ನಮ್ಮ ಅಂಚೆಟ್ಟಿ ಕಡೆಯ ಹಳ್ಳಿಯಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೂ, ಕೈಯ ಹಚ್ಚೆ ನೋಡಿ, ಹಾಕಿದ ಬಳೆ ನೋಡಿ ಇಂಥವರ ಮಗಳು ಎಂದು ಹೇಳಿಬಿಡುತ್ತಾರೆ. ಮದುವೆಗೆ ಬಂದ ಹೆಣ್ಣಿನ ಕಾಯಿಲೆಯ ವಿಷಯ ಹಾಗೆ ಊರೆಲ್ಲ ಹರಡಿದರೆ ಗತಿ ಏನು?

ಇದಕ್ಕೆ ನಿಯಮ ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ಗುರುತು ಸಿಗುವಂತೆ ರೋಗಿಯ ಫೋಟೋವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಯಾವ ಪತ್ರಿಕೆಯಲ್ಲೂ ಪ್ರಕಟಿಸುವಂತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಿಯಮ ತಂದು, ಸಾಮಾಜಿಕ ಜಾಲತಾಣಕ್ಕೇ ಪ್ರತ್ಯೇಕ ಮಾರ್ಗಸೂಚಿ ಸೇರಿಸಿತ್ತು. ರೋಗಿಯ ಫೋಟೋ, ಸ್ಕ್ಯಾನ್ ಚಿತ್ರ ಹಾಕಬಾರದು, ಎಲ್ಲರೂ ನೋಡುವ ಕಡೆ ಒಬ್ಬ ರೋಗಿಗೆ ಮದ್ದು ಬರೆದುಕೊಡಬಾರದು, ದುಡ್ಡು ಕೊಟ್ಟು ಲೈಕ್ ಮತ್ತು ಹಿಂಬಾಲಕರನ್ನು ಕೊಳ್ಳಬಾರದು ಎಂದೆಲ್ಲ ಅದರಲ್ಲಿತ್ತು. ಆ ನಿಯಮಾವಳಿಯ ಬೇರೆ ಅಂಶಗಳಿಗೆ ವೈದ್ಯರ ವಿರೋಧ ಬಂದು ಅದೇ ತಿಂಗಳ 23ರಂದು ಎಲ್ಲವನ್ನೂ ತಡೆಹಿಡಿದು, 2002ರ ನಿಯಮವನ್ನೇ ಮತ್ತೆ ಜಾರಿಗೆ ತಂದರು. 2002ರಲ್ಲಿ ವಾಟ್ಸಾಪೂ ಇರಲಿಲ್ಲ, ಕೈಯಲ್ಲಿ ಇಂಥ ಫೋನೂ ಇರಲಿಲ್ಲ.

ಫೋನ್ ಆಸ್ಪತ್ರೆಯೊಳಗೆ ಎಷ್ಟು ಹೊಕ್ಕಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2024ರ ಫೆಬ್ರವರಿಯಲ್ಲಿ ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆಸ್ಪತ್ರೆಯ ಆವರಣದಲ್ಲಿ ರೀಲ್ಸ್ ಮಾಡಿದ 38 ವಿದ್ಯಾರ್ಥಿಗಳ ಮೇಲೆ ಕ್ರಮ ತೆಗೆದುಕೊಂಡಿತು.

ಗಡಿಯ ನಮಗೆ ಅಪಾಯ ಯಾಕೆ ಹೆಚ್ಚು?

ನಾನು ಹೆಚ್ಚು ಯೋಚಿಸಿದ್ದು ಇದನ್ನು. ನಮ್ಮ ಹಿರಿಯರಲ್ಲಿ ಅನೇಕರಿಗೆ ಓದಲು ಬರುವುದು ಕನ್ನಡ ಮಾತ್ರ. ಮಾತ್ರೆಯ ಚೀಟಿ ಇಂಗ್ಲಿಷಿನಲ್ಲಿ. ಸರ್ಕಾರಿ ಆಸ್ಪತ್ರೆಯ ಫಲಕ, ಪ್ರಚಾರ ಪತ್ರ ತಮಿಳಿನಲ್ಲಿ. 2006ರ ತಮಿಳು ಕಲಿಕಾ ಕಾಯಿದೆ ಬಂದ ಮೇಲೆ ಶಾಲೆಗೆ ಹೋದ ಮೊಮ್ಮಕ್ಕಳಲ್ಲಿ ಹಲವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹೀಗಾಗಿ ಕನ್ನಡದ ಸಂದೇಶ ಬಂದರೆ ಅಜ್ಜ ಒಬ್ಬರೇ ಓದುತ್ತಾರೆ. ಪಕ್ಕದಲ್ಲಿ ಕೂತ ಮೊಮ್ಮಗ, ಕಾಲೇಜು ಓದಿದವನೇ ಆದರೂ, "ತಾತಾ, ಇದು ಸರಿಯಿಲ್ಲ" ಎಂದು ಹೇಳಲಾರ. ಅವನಿಗೆ ಅದು ಓದಲಾಗದ ಬರಹ. ಸುತ್ತಲೂ ಬೇರೆ ಭಾಷೆಗಳಿರುವಾಗ ಕನ್ನಡದಲ್ಲಿ ಬಂದದ್ದು ನಮ್ಮವರೇ ಹೇಳಿದ್ದು ಎಂಬ ನಂಬಿಕೆ ಬೇಗ ಹುಟ್ಟುತ್ತದೆ. ಅದರಲ್ಲೂ ಸಂಘದ ಗುಂಪಿನಲ್ಲಿ ಬಂದರೆ ಕೇಳುವುದೇ ಬೇಡ.

ದೊಡ್ಡವರ ಹೆಸರು ಹಾಕಿದರಂತೂ ಮುಗಿಯಿತು. 2020ರ ಕೊರೊನಾ ಕಾಲದಲ್ಲಿ ಡಾ. ದೇವಿ ಶೆಟ್ಟಿ ಅವರ ಹೆಸರಿನಲ್ಲಿ ಸಲಹೆಗಳ ಪಟ್ಟಿಯೊಂದು ಎಲ್ಲ ಗುಂಪುಗಳಲ್ಲೂ ಓಡಾಡಿತು. ಅದು ಅವರದಲ್ಲ ಎಂದು ಅವರ ಸಂಸ್ಥೆ ಹೇಳಬೇಕಾಯಿತು. ಬಿಸಿ ಎಳನೀರಿನಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರ ಹೆಸರಿನಲ್ಲಿ ಬಂದ ಸಂದೇಶವನ್ನೂ 2019ರಲ್ಲಿ ಆಸ್ಪತ್ರೆ ಅಲ್ಲಗಳೆಯಿತು. ಅವು ಪೂರಾ ಸುಳ್ಳು. ನಾನು ಕಳಿಸಿದ್ದು ಅರ್ಧ ನಿಜ. ಪೂರಾ ಸುಳ್ಳನ್ನು ಯಾರಾದರೂ ಹಿಡಿಯುತ್ತಾರೆ, ಅರ್ಧ ನಿಜ ಸುಲಭವಾಗಿ ಸಿಕ್ಕಿಬೀಳುವುದಿಲ್ಲ.

ಕನ್ನಡದಲ್ಲಿ ವೈದ್ಯ ವಿಷಯ ಬರೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸ್ವತಃ ವೈದ್ಯೆಯಾಗಿದ್ದ ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ನಮ್ಮ ಎಷ್ಟು ಮನೆಗಳಲ್ಲಿತ್ತು! ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್, ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಕಾರ್ಯಕ್ರಮದ ಡಾ. ನಾ. ಸೋಮೇಶ್ವರ ಇವರೆಲ್ಲ ಜನರಿಗೆ ತಿಳಿಯುವ ಹಾಗೆ ಬರೆದವರು. ಯಾರಿಗೆ ಮದ್ದು ಬೇಕು, ಯಾರಿಗೆ ಬೇಡ ಎಂದು ಬಿಡಿಸಿ ಹೇಳುವುದು ಅಂಥ ಬರಹದ ಕ್ರಮ. ಫಾರ್ವರ್ಡ್ ಸಂದೇಶದಲ್ಲಿ ಆ 'ಯಾರಿಗೆ' ಎಂಬುದೇ ಇರುವುದಿಲ್ಲ.

ಚಿತ್ರ ಬಂದಾಗ ಕೇಳಿಕೊಳ್ಳಬೇಕಾದ್ದು

ಯುವ ವೈದ್ಯೆಯ ಸಲಹೆ ಪಡೆದು ಈ ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ. ನೀವೂ ಬರೆದಿಟ್ಟುಕೊಳ್ಳಿ.

1. ಇದು ಯಾರ ಬಗ್ಗೆ? ಕಾಯಿಲೆ ಇದ್ದವರ ಮೇಲಿನ ಅಧ್ಯಯನವೋ, ಇಲ್ಲದವರ ಮೇಲಿನದೋ? ವಯಸ್ಸು ಎಷ್ಟು?

2. ಯಾವ ಸಮ್ಮೇಳನ, ಯಾವ ವರ್ಷ, ಯಾರ ಭಾಷಣ? ಇದು ಯಾವುದೂ ಇಲ್ಲದಿದ್ದರೆ ಮುಂದೆ ಕಳಿಸಬೇಡಿ.

3. ಕೆಳಗಿನ ಕನ್ನಡ ಸಾಲುಗಳನ್ನು ಬರೆದದ್ದು ಅದೇ ವೈದ್ಯರೋ, ದಾರಿಯಲ್ಲಿ ಸೇರಿಸಿದವರೋ?

4. ಸಂದೇಶದ ಮೇಲೆ ಎರಡು ಬಾಣದ ಗುರುತು ಇದೆಯೇ? ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು ಎಂದರ್ಥ. ಇಂಥದ್ದನ್ನು ಒಮ್ಮೆಗೆ ಒಂದೇ ಗುಂಪಿಗೆ ಕಳಿಸಲು ಸಾಧ್ಯವಾಗುವಂತೆ ವಾಟ್ಸಾಪ್ 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಿದೆ.

5. ಚಿತ್ರದಲ್ಲಿ ರೋಗಿ ಕಾಣುತ್ತಾರೆಯೇ? ಕಂಡರೆ ಅಳಿಸಿಬಿಡಿ.

6. ಇದನ್ನು ಓದಿ ಮಾತ್ರೆ ನಿಲ್ಲಿಸಬೇಕು, ಬದಲಿಸಬೇಕು ಅನ್ನಿಸಿತೇ? ಮೊದಲು ಬರೆದುಕೊಟ್ಟ ವೈದ್ಯರನ್ನು ಕೇಳಿ. ಅವರು ಉತ್ತರಿಸುವವರೆಗೆ ಮಾತ್ರೆ ನಡೆಯಲಿ.

ಬೆಂಗಳೂರಿಗೆ ಹೋಗಲೇಬೇಕು ಎಂದೇನೂ ಇಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಗೇ ತಂದುಕೊಡುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಆ ಕಾರ್ಯಕರ್ತೆ ಬಂದಾಗ ಸಂದೇಶ ತೋರಿಸಿ, ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಬರಲು ಹೇಳಬಹುದು. ಎದೆನೋವು ಬಂದರೆ ಮಾತ್ರ ಯಾವ ಗುಂಪಿನಲ್ಲೂ ಕೇಳುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಸಂಘದ ತೀರ್ಮಾನ

ಕಳೆದ ಸಭೆಯಲ್ಲಿ ಎಲ್ಲರೂ ಒಪ್ಪಿದ್ದು ಇಷ್ಟು. ಸಂಘದ ಗುಂಪಿನಲ್ಲಿ ಔಷಧ, ಚಿಕಿತ್ಸೆ ಕುರಿತ ಸಂದೇಶವನ್ನು ವೈದ್ಯ ಸದಸ್ಯರೊಬ್ಬರು ನೋಡಿದ ಮೇಲೆ ಮಾತ್ರ ಹಾಕುವುದು. ಈ ನಿಯಮ ಕಾರ್ಯದರ್ಶಿಗೆ ಮೊದಲು ಅನ್ವಯ. ಎರಡನೆಯದು, ಸಮ್ಮೇಳನಗಳಿಗೆ ಹೋಗಿ ಬರುವ ನಮ್ಮ ವೈದ್ಯ ಸದಸ್ಯರು ಮತ್ತು ಸದಸ್ಯರ ಮಕ್ಕಳು, ಚಿತ್ರ ಕಳಿಸುವ ಬದಲು ಕನ್ನಡದಲ್ಲಿ ಹತ್ತು ಸಾಲು ಬರೆದುಕೊಡಬೇಕೆಂದು ಕೋರಿಕೆ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಲಿ, ಬರೆದುಕೊಳ್ಳಲು ನಾನಿದ್ದೇನೆ. ಆ ಯುವ ವೈದ್ಯೆ ಮುಂದಿನ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಮಾತನಾಡಲು ಒಪ್ಪಿದ್ದಾಳೆ. ನಿಮ್ಮ ಮಾತ್ರೆ ಚೀಟಿಗಳನ್ನು ತನ್ನಿ, ಸಾಧ್ಯವಾದರೆ ಮೊಮ್ಮಕ್ಕಳನ್ನೂ ಕರೆತನ್ನಿ. ದಿನಾಂಕವನ್ನು ಎಂದಿನಂತೆ ಕಾರ್ಯಕ್ರಮಗಳ ಪುಟದಲ್ಲಿ ತಿಳಿಸಲಾಗುವುದು.

ನಮ್ಮ ಹಿರಿಯ ಸದಸ್ಯರು ಈಗ ಆರೋಗ್ಯವಾಗಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಬರೆದದ್ದನ್ನು ಓದಿ ತೋರಿಸಿದಾಗ ನಕ್ಕು, "ಕಾರ್ಯದರ್ಶಿಗಳೇ, ಇದನ್ನಾದರೂ ಪೂರ್ತಿ ಹಾಕಿ, ಅರ್ಧ ಕತ್ತರಿಸಬೇಡಿ" ಎಂದರು. ಹಾಗೆಯೇ ಪೂರ್ತಿ ಹಾಕಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಹೊಸೂರು